ಮುರುಗಲು ತುಪ್ಪದ ಕ್ರೀಮ್: ಪ್ರಯೋಗಾಲಯದಿಂದ ಪ್ರಕಟಣೆಯವರೆಗೆ

ಉತ್ತರ ಕನ್ನಡದ ಮನೆಗಳಲ್ಲಿ ಚಳಿಗಾಲ ಬಂತೆಂದರೆ ಒಡೆದ ಹಿಮ್ಮಡಿಗೆ ಮುರುಗಲು ತುಪ್ಪವನ್ನು, ಅಂದರೆ ಮುರುಗಲು ಹಣ್ಣಿನ ಬೀಜದಿಂದ ತೆಗೆದ ಕೊಬ್ಬನ್ನು, ಕರಗಿಸಿ ಹಚ್ಚುವುದು ಇಂದಿಗೂ ರೂಢಿಯಲ್ಲಿದೆ. ಮುಂಬಯಿಯಲ್ಲಿ ಅದೇ ಪದಾರ್ಥ ಕೋಕಂ ತೇಲ್ ಎಂಬ ಹೆಸರಿನಲ್ಲಿ ಗಟ್ಟಿ ಉಂಡೆಗಳಾಗಿ ಸಿಗುತ್ತದೆ; ಕ್ರೀಮಿನ ಲೇಬಲ್ಲಿನಲ್ಲಿ ಗಾರ್ಸೀನಿಯಾ ಇಂಡಿಕಾ ಸೀಡ್ ಬಟರ್ ಎಂದು ಕಾಣಿಸಿಕೊಳ್ಳುತ್ತದೆ. ಕ್ರೀಮು, ಲೋಷನ್ನುಗಳನ್ನು ರೂಪಿಸುವುದು ನನ್ನ ವೃತ್ತಿ. ನವಿ ಮುಂಬಯಿಯ ಒಂದು ಸಣ್ಣ ಪ್ರಯೋಗಾಲಯದಲ್ಲಿ ಈ ತುಪ್ಪದಿಂದ ಕ್ರೀಮೊಂದನ್ನು ಸಿದ್ಧಪಡಿಸಿ, ಅದರ ಪರಿಣಾಮವನ್ನು ಜನರ ಚರ್ಮದ ಮೇಲೆ ಅಳೆದು, ಫಲಿತಾಂಶವನ್ನು ವಿದ್ವತ್ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಇತ್ಯರ್ಥವಾಗಬೇಕಾಗಿದ್ದುದು ಪ್ರಶ್ನೆ. ಗ್ಲಿಸರಿನ್ ಇರುವ ಯಾವುದೇ ಕ್ರೀಮನ್ನು ಹಚ್ಚಿದರೂ, ಏನೂ ಹಚ್ಚದ ಚರ್ಮಕ್ಕಿಂತ ಹೆಚ್ಚು ತೇವಾಂಶ ಕಂಡೇ ಕಾಣುತ್ತದೆ. ಆದ್ದರಿಂದ ಬರಿಯ ಚರ್ಮದೊಡನೆ ಹೋಲಿಸಿ ಒಂದು ಗಿಡಮೂಲಿಕೆಯ ಗುಣಗಾನ ಮಾಡುವ ಪ್ರಬಂಧಗಳು ನನಗೆ ಒಪ್ಪಿಗೆಯಾಗುವುದಿಲ್ಲ. ನಾನು ಎರಡು ಕ್ರೀಮುಗಳನ್ನು ಮಾಡಿದೆ. ಒಂದರಲ್ಲಿ ಮುರುಗಲು ತುಪ್ಪ. ಇನ್ನೊಂದರಲ್ಲಿ ಅದರ ಬದಲು ಅಷ್ಟೇ ತೂಕದ, ಅಷ್ಟೇ ಗಟ್ಟಿಯಾದ ಬೇರೊಂದು ಸಸ್ಯಜನ್ಯ ಕೊಬ್ಬು. ಉಳಿದದ್ದೆಲ್ಲವೂ ಒಂದೇ. ಮುರುಗಲು ತುಪ್ಪದಲ್ಲಿ ಸ್ಟಿಯರಿಕ್ ಮತ್ತು ಓಲಿಯಿಕ್ ಎಂಬ ಕೊಬ್ಬಿನಾಮ್ಲಗಳ ಪಾಲು ದೊಡ್ಡದು. ಅದು ಕರಗುವುದು ಸುಮಾರು 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ನಿಧಾನವಾಗಿ ತಣಿಯಲು ಬಿಟ್ಟರೆ ಕ್ರೀಮಿನಲ್ಲಿ ರವೆಯಂತೆ ಕಾಳು ಕಟ್ಟುತ್ತದೆ. ಎಣ್ಣೆಯ ಭಾಗ, ನೀರಿನ ಭಾಗ ಎರಡನ್ನೂ 75 ಡಿಗ್ರಿಗೆ ತಂದು ಬೆರೆಸಿ, ಕದಡುತ್ತಲೇ ಬೇಗನೆ ತಣಿಸಿದಾಗ ಕ್ರೀಮು ನುಣುಪಾಗಿ ನಿಂತಿತು.

ಅಧ್ಯಯನಕ್ಕೆಂದು ಜನರ ಕೈಗೆ ಹಚ್ಚುವ ಮೊದಲು ಸುರಕ್ಷತೆಯ ಪರೀಕ್ಷೆಗಳು ಮುಗಿಯಬೇಕಿತ್ತು. ಭಾರತದಲ್ಲಿ ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದು 2014ರಿಂದಲೇ ನಿಷಿದ್ಧ. ಐಎಸ್ಒ 11930 ಎಂಬ ಅಂತರರಾಷ್ಟ್ರೀಯ ಮಾನಕದಂತೆ ಕ್ರೀಮಿಗೆ ಬ್ಯಾಕ್ಟೀರಿಯಾ, ಯೀಸ್ಟ್ ಮತ್ತು ಬೂಷ್ಟುಗಳನ್ನು ಬೇಕೆಂದೇ ಸೇರಿಸಿ, ಸಂರಕ್ಷಕವು ಅವುಗಳನ್ನು 28 ದಿನಗಳವರೆಗೆ ಹತ್ತಿಕ್ಕುತ್ತದೆಯೇ ಎಂದು ನೋಡಿದೆವು. ಭಾರತೀಯ ಮಾನಕ ಬ್ಯೂರೋದ ಐಎಸ್ 4011ನ್ನು ಅನುಸರಿಸಿ, ಚರ್ಮದ ಚಿಕ್ಕ ಜಾಗವೊಂದಕ್ಕೆ ಹಚ್ಚಿ ಉರಿ, ಕೆಂಪು ಕಾಣುತ್ತದೆಯೇ ಎಂದು ನೋಡುವ ಪ್ಯಾಚ್ ಪರೀಕ್ಷೆ ಮಾಡಿದೆವು. ಆಮೇಲೆ ಜನರ ಮೇಲಿನ ಅಧ್ಯಯನಗಳನ್ನು ಪರಿಶೀಲಿಸುವ ಸಾಂಸ್ಥಿಕ ನೈತಿಕ ಸಮಿತಿಯ ಒಪ್ಪಿಗೆ, ಅದರ ಹಿಂದೆಯೇ ಅಂಥ ಅಧ್ಯಯನಗಳನ್ನು ಸಾರ್ವಜನಿಕವಾಗಿ ದಾಖಲಿಸುವ ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಣಿ. 2007ರಲ್ಲಿ ಆರಂಭವಾದ ಈ ರಿಜಿಸ್ಟ್ರಿಯು 2018ರ ಏಪ್ರಿಲ್ 1ರಿಂದ, ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುನ್ನ ಸಲ್ಲಿಸಿದ ನೋಂದಣಿಯನ್ನು ಮಾತ್ರ ಸ್ವೀಕರಿಸುತ್ತದೆ. ಯಾವ ಅಳತೆಯನ್ನು ಮುಖ್ಯವೆಂದು ಪರಿಗಣಿಸುತ್ತೇವೆ, ಯಾವ ದಿನದ ಅಳತೆ ಎಂಬುದನ್ನು ಅಲ್ಲಿ ಮೊದಲೇ ಬರೆದುಕೊಡಬೇಕು. ಇದನ್ನು ಕಾಗದಪತ್ರದ ಕಿರಿಕಿರಿ ಎನ್ನುವವರಿದ್ದಾರೆ. ಇಡೀ ಅಧ್ಯಯನಕ್ಕೆ ಬೆನ್ನೆಲುಬು ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಭಾಗವಹಿಸಿದವರಲ್ಲಿ ಅನೇಕರು ಡೊಂಬಿವಲಿ, ಮುಲುಂಡ್ ಮತ್ತು ಮಾಟುಂಗಾದ ಕನ್ನಡಿಗರ ಮನೆಗಳ ಹೆಂಗಸರು. ಒಪ್ಪಿಗೆ ಪತ್ರವನ್ನು ಮರಾಠಿ, ಹಿಂದಿಗಳ ಜೊತೆಗೆ ಕನ್ನಡದಲ್ಲಿಯೂ ಸಿದ್ಧಪಡಿಸಿ, ಪ್ರತಿಯೊಬ್ಬರ ಎದುರೂ ಓದಿ ಹೇಳಿದೆವು. ಒಂದು ಕೈಗೆ ಒಂದು ಕ್ರೀಮು, ಇನ್ನೊಂದು ಕೈಗೆ ಇನ್ನೊಂದು ಎಂದು ವಿವರಿಸುತ್ತಿದ್ದಾಗ ಗದಗಿನ ಕಡೆಯ ಹಿರಿಯರೊಬ್ಬರು, “ಯಾವ ಕೈಗೆ ಯಾವುದು ಅಂತ ನನಗ ಹೇಳೂದಿಲ್ಲ ಅಂತೀರಿ, ನಿಮಗರ ಗೊತ್ತಿರತೈತೇನ್ರಿ?” ಎಂದು ಕೇಳಿದರು. “ನನಗೂ ಗೊತ್ತಿರೋದಿಲ್ಲ ಅಮ್ಮಾ, ಚೀಟಿ ಎತ್ತಿ ಡಬ್ಬಿಗೆ ನಂಬರ್ ಹಾಕಿದವರು ಬೇರೆಯವರು, ಆ ಪಟ್ಟಿ ಅವರ ಹತ್ತಿರವೇ ಇರುತ್ತದೆ” ಎಂದೆ. “ಹಂಗಾದ್ರ ಸರಿ” ಎಂದು ಸಹಿ ಹಾಕಿದರು. ಅಧ್ಯಯನದ ವಿನ್ಯಾಸದ ಬಗ್ಗೆ ಆಮೇಲೆ, ಪತ್ರಿಕೆಯ ಪರವಾಗಿ ಪ್ರಬಂಧವನ್ನು ಓದಿ ತೂಗುವ ಪರಿಶೀಲಕರಿಂದ ಬಂದ ಮೊದಲ ಪ್ರಶ್ನೆಯೂ ಅದೇ ಆಗಿತ್ತು.

ಮುಂಬಯಿಯಲ್ಲಿ ಚರ್ಮದ ತೇವಾಂಶವನ್ನು ಅಳೆಯುವವರ ಮುಖ್ಯ ಎದುರಾಳಿ ಇಲ್ಲಿನ ಹವೆ. ಚರ್ಮ ತೇವವನ್ನು ಎಷ್ಟು ಹಿಡಿದಿಡುತ್ತದೆಂದು ತಿಳಿಯಲು, ಅದರಿಂದ ಆವಿಯಾಗಿ ಹೋಗುವ ನೀರನ್ನು ಒಂದು ಚದರ ಮೀಟರಿಗೆ, ಒಂದು ಗಂಟೆಗೆ ಎಷ್ಟು ಗ್ರಾಂ ಎಂಬ ಲೆಕ್ಕದಲ್ಲಿ ಅಳೆಯುತ್ತಾರೆ. ಆರೋಗ್ಯವಂತರ ಮುಂಗೈಯ ಒಳಭಾಗದಲ್ಲಿ ಅದು ಸಾಮಾನ್ಯವಾಗಿ 5ರಿಂದ 10ರ ಆಸುಪಾಸಿನಲ್ಲಿರುತ್ತದೆ. ಇಷ್ಟು ಸಣ್ಣ ಸಂಖ್ಯೆಯನ್ನು ಕೆಡಿಸಲು ಒಂದಿಷ್ಟು ಬೆವರು ಸಾಕು. ಜುಲೈ ತಿಂಗಳಲ್ಲಿ ಹೊರಗಿನ ಆರ್ದ್ರತೆ ಶೇಕಡಾ 80ನ್ನು ದಾಟಿರುವಾಗ, ಕಿಕ್ಕಿರಿದ ಲೋಕಲ್ ಟ್ರೇನಿನಲ್ಲಿ ನಿಂತು ಬಂದವರ ಕೈಯನ್ನು ಒಳಬಂದ ಕೂಡಲೇ ಅಳೆದರೆ ಸಿಗುವುದು ಬೆವರಿನ ಲೆಕ್ಕವೇ ಹೊರತು ಚರ್ಮದ್ದಲ್ಲ. ಕೋಣೆಯನ್ನು 20ರಿಂದ 22 ಡಿಗ್ರಿ, ಶೇಕಡಾ 40ರಿಂದ 60 ಆರ್ದ್ರತೆಯಲ್ಲಿಟ್ಟು, ಬಂದವರನ್ನು ಉಡುಪಿನ ತೋಳು ಮಡಚಿ ಮುಂಗೈ ತೆರೆದ ಸ್ಥಿತಿಯಲ್ಲಿ ಅರ್ಧ ಗಂಟೆ ಸುಮ್ಮನೆ ಕೂರಿಸುತ್ತಿದ್ದೆವು. ಬಿಸಿ ಚಹಾ ಕೊಡುವುದು ಅಳತೆ ಮುಗಿದ ಮೇಲೆಯೇ. ಚರ್ಮಕ್ಕೆ ತಾಗಿಸುವ ಅಳತೆಯ ಉಪಕರಣವಾದ ಪ್ರೋಬಿನ ತೆರೆದ ಕೊಳವೆಗೆ ಗಾಳಿ ಸೋಕಿದರೂ ಸಂಖ್ಯೆ ಅಲುಗಾಡುವುದರಿಂದ ಫ್ಯಾನ್ ಹಾಕುವಂತಿಲ್ಲ, ಬಾಗಿಲು ತೆರೆಯುವಂತಿಲ್ಲ, ಕೈಯ ಮೇಲೆ ಬಗ್ಗಿ ಉಸಿರು ಬಿಡುವಂತಿಲ್ಲ. ಕೋಣೆಯ ಉಷ್ಣತೆ, ಆರ್ದ್ರತೆಗಳನ್ನು ಪ್ರತಿ ಅಳತೆಯ ಜೊತೆಗೇ ದಾಖಲಿಸಿ, ಆ ಪಟ್ಟಿಯನ್ನೂ ಪ್ರಬಂಧದ ಪೂರಕ ಕಡತದಲ್ಲಿ ಸೇರಿಸಿದೆ.

ಎರಡೂ ಕ್ರೀಮುಗಳಿಂದ ಚರ್ಮದ ತೇವಾಂಶ ಸ್ಪಷ್ಟವಾಗಿ ಹೆಚ್ಚಿತು. ಆದರೆ ಒಬ್ಬೊಬ್ಬರ ಎರಡು ಕೈಗಳನ್ನು ಜೋಡಿಯಾಗಿ ಹೋಲಿಸಿದಾಗ ಎರಡರ ನಡುವಿನ ವ್ಯತ್ಯಾಸ ಚಿಕ್ಕದಾಗಿತ್ತು. ಅದರ ಕಾನ್ಫಿಡೆನ್ಸ್ ಇಂಟರ್ವಲ್, ಅಂದರೆ ನಿಜವಾದ ವ್ಯತ್ಯಾಸ ಇರಬಹುದಾದ ಅಂದಾಜಿನ ವ್ಯಾಪ್ತಿ, ಸೊನ್ನೆಯನ್ನು ಒಳಗೊಂಡಿತ್ತು. ಅಂದರೆ ಮುರುಗಲು ತುಪ್ಪ ಒಳ್ಳೆಯ ಕ್ರೀಮಿಗೆ ತಕ್ಕ ಕೊಬ್ಬು, ಆದರೆ ನಾವು ಅಳೆದ ಮಟ್ಟಿಗೆ ಬೇರೆ ಕೊಬ್ಬಿಗಿಂತ ಮಿಗಿಲೆಂದು ತೋರಲಿಲ್ಲ. ಹಚ್ಚಿದಾಗಿನ ಮೃದುತನಕ್ಕೆ ಭಾಗವಹಿಸಿದವರು ಕೊಟ್ಟ ಅಂಕಗಳು ಮುರುಗಲಿನ ಕಡೆಗೆ ವಾಲಿದ್ದವು. ಕಚ್ಚಾವಸ್ತು ಒದಗಿಸಿದ ಸಂಸ್ಥೆಯವರು ಆ ಅಂಕಗಳನ್ನೇ ಶೀರ್ಷಿಕೆಗೆ ತರಬೇಕೆಂದು ಒತ್ತಾಯಿಸಿದರು. ರಿಜಿಸ್ಟ್ರಿಯಲ್ಲಿ ಮುಖ್ಯ ಅಳತೆ ಯಾವುದೆಂದು ಮೊದಲೇ ಬರೆದಿದ್ದುದರಿಂದ ನಾನು ಒಪ್ಪಲಿಲ್ಲ. ಅವರ ಕೊಡುಗೆಯನ್ನು ಹಿತಾಸಕ್ತಿಯ ಘೋಷಣೆಯಲ್ಲಿ ನಮೂದಿಸಿದೆ.

ಪ್ರಬಂಧ ಸಿದ್ಧವಾಗುವ ಹೊತ್ತಿಗೆ, ಶುಲ್ಕ ಕಟ್ಟಿದರೆ ಕೆಲವೇ ದಿನಗಳಲ್ಲಿ ಪ್ರಕಟಿಸುತ್ತೇವೆ ಎನ್ನುವ ಪತ್ರಿಕೆಗಳಿಂದ ಆಹ್ವಾನಗಳು ಬರತೊಡಗಿದ್ದವು. ಪರಿಶೀಲನೆಯಿಲ್ಲದೆ ಅಚ್ಚಾದ ಪ್ರಬಂಧಕ್ಕೆ ನನ್ನ ದೃಷ್ಟಿಯಲ್ಲಿ ಬೆಲೆಯಿಲ್ಲ. ಸಂಪಾದಕ ಮಂಡಳಿಯಲ್ಲಿರುವವರು ತಮ್ಮ ವಿಶ್ವವಿದ್ಯಾಲಯದ ಪುಟದಲ್ಲಿ ಆ ಹೊಣೆಯನ್ನು ಹೇಳಿಕೊಂಡಿದ್ದಾರೆಯೇ, ಪತ್ರಿಕೆ ಪ್ರಕಟಣಾ ನೀತಿಯ ಸಮಿತಿಯಾದ ಕೋಪ್‌ನ ಸದಸ್ಯತ್ವ ಪಡೆದಿದೆಯೇ, ಹಳೆಯ ಸಂಚಿಕೆಗಳಲ್ಲಿ ವ್ಯತ್ಯಾಸ ಕಾಣದ ಅಧ್ಯಯನಗಳಿಗೂ ಜಾಗ ಸಿಕ್ಕಿದೆಯೇ ಎಂದು ನೋಡಿ ಒಂದನ್ನು ಆರಿಸಿದೆ. ಪರಿಶೀಲಕರಲ್ಲಿ ಒಬ್ಬರು ಹಲವು ದಿನಗಳ ಅಳತೆಗಳನ್ನು ಒಂದೊಂದಾಗಿ ಪರೀಕ್ಷಿಸುತ್ತ ಹೋದರೆ ಇಲ್ಲದ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಾಧ್ಯತೆ ಹೆಚ್ಚುತ್ತದೆಂದು ತಿದ್ದುಪಡಿ ಕೇಳಿದರು. ಅದರಿಂದ ಪ್ರಬಂಧ ಗಟ್ಟಿಯಾಯಿತು.

ಲೇಬಲ್ಲಿನ ವಿಷಯದಲ್ಲಿ 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ ಸ್ಪಷ್ಟವಾಗಿದೆ: ಸ್ವಚ್ಛಗೊಳಿಸುವುದು, ಅಂದ ಹೆಚ್ಚಿಸುವುದು, ತೋರಿಕೆಯನ್ನು ಬದಲಿಸುವುದು ಇಂಥವು ಸೌಂದರ್ಯವರ್ಧಕದ ಕೆಲಸ. ಒಡೆದ ಹಿಮ್ಮಡಿಯನ್ನು ವಾಸಿಮಾಡುತ್ತದೆ ಎಂದು ಬರೆದ ಕ್ಷಣದಿಂದ ಅದು ಔಷಧದ ಹೇಳಿಕೆಯಾಗುತ್ತದೆ. ನಾನು ಸೂಚಿಸಿದ ವಾಕ್ಯ “ಚರ್ಮವನ್ನು ತೇವವಾಗಿ, ಮೃದುವಾಗಿ ಇಡುತ್ತದೆ” ಎಂಬುದಷ್ಟೇ. ಊರಿನ ಅಜ್ಜಿಯರ ಅನುಭವವನ್ನು ಈ ಅಧ್ಯಯನ ಸುಳ್ಳು ಮಾಡಿಲ್ಲ, ನಿಜವೆಂದೂ ತೋರಿಸಿಲ್ಲ. ಹಿಮ್ಮಡಿಯ ಹೊರಪದರ ಮುಂಗೈಯದಕ್ಕಿಂತ ಎಷ್ಟೋ ಪಟ್ಟು ದಪ್ಪ; ಅಲ್ಲಿ ಎಣ್ಣೆಗ್ರಂಥಿಗಳಿಲ್ಲ; ಮನೆಯಲ್ಲಿ ಹಚ್ಚುವುದು ಕ್ರೀಮನ್ನಲ್ಲ, ಅಪ್ಪಟ ತುಪ್ಪವನ್ನು. ಅದಕ್ಕೆ ಒಣಹವೆಯ ಊರಿನಲ್ಲಿ, ಡಿಸೆಂಬರ್ ಮತ್ತು ಜನವರಿಯಲ್ಲಿ, ಬಿರುಕಿನ ಆಳವನ್ನೇ ಮುಖ್ಯ ಅಳತೆಯಾಗಿಟ್ಟುಕೊಂಡ ಬೇರೆ ಅಧ್ಯಯನ ಬೇಕು. ಅದರ ಪ್ರಸ್ತಾವವನ್ನು ನೈತಿಕ ಸಮಿತಿಗೆ ಸಲ್ಲಿಸಿದ್ದೇನೆ.