ಪ್ರಾಕ್ಸ್‌ಮಾಕ್ಸ್ 8ರಿಂದ 9ಕ್ಕೆ: ಕಂಟೈನರ್‌ಗಳಿರುವ ಸರ್ವರ್ ಅಪ್‌ಗ್ರೇಡ್ ಮಾಡುವ ಕ್ರಮ

ಬದಿಯಡ್ಕ, ಕುಂಬಳೆ, ಮಂಜೇಶ್ವರದಂತಹ ಊರುಗಳ ಸಹಕಾರಿ ಸಂಘದಲ್ಲೋ ಶಾಲೆಯಲ್ಲೋ ಒಂದೇ ಯಂತ್ರದಲ್ಲಿ ಸದಸ್ಯರ ಪಟ್ಟಿ, ಲೆಕ್ಕಪತ್ರ, ಕಡತಗಳ ಸಂಗ್ರಹ ಎಲ್ಲವನ್ನೂ ಕಂಟೈನರ್‌ಗಳಲ್ಲಿ (ಒಂದೊಂದು ಸೇವೆಗೆ ಒಂದೊಂದು ಪ್ರತ್ಯೇಕ ಆವರಣ) ಇಟ್ಟು ನೋಡಿಕೊಳ್ಳುವವರಿಗಾಗಿ ಇದನ್ನು ಬರೆದಿದ್ದೇನೆ. ಒಂದೇ ಯಂತ್ರದಲ್ಲಿ ಹಲವು ಕಂಟೈನರ್, ವರ್ಚುವಲ್ ಮೆಷಿನ್‌ಗಳನ್ನು ಓಡಿಸುವ ತಂತ್ರಾಂಶವಾದ ಪ್ರಾಕ್ಸ್‌ಮಾಕ್ಸ್ ವಿಇಯ 8ನೇ ಆವೃತ್ತಿ ನಿಂತಿರುವುದು ಡೆಬಿಯನ್ 12 ಎಂಬ ಲಿನಕ್ಸ್ ವ್ಯವಸ್ಥೆಯ ಮೇಲೆ. 2025ರ ಆಗಸ್ಟ್‌ನಲ್ಲಿ ಬಂದ 9 ನಿಂತಿರುವುದು ಡೆಬಿಯನ್ 13ರ ಮೇಲೆ. ಎಂಟನೆಯ ಆವೃತ್ತಿಗೆ ಬೆಂಬಲವಿರುವುದು 2026ರ ಆಗಸ್ಟ್‌ವರೆಗೆ ಮಾತ್ರ. ಇನ್ನೂ 7ರಲ್ಲಿ ಉಳಿದವರು ಮೊದಲು 8ಕ್ಕೆ ಬಂದು, ಆಮೇಲೆ 9ಕ್ಕೆ ಹೋಗಬೇಕು.

ಹೋಸ್ಟ್‌ನ, ಅಂದರೆ ಕಂಟೈನರ್‌ಗಳನ್ನು ಹೊತ್ತ ಮೂಲ ಯಂತ್ರದ, ಅಪ್‌ಗ್ರೇಡ್ ಮತ್ತು ಕಂಟೈನರ್‌ಗಳ ಒಳಗಿನ ಅಪ್‌ಗ್ರೇಡ್ ಎರಡು ಬೇರೆ ಬೇರೆ ಕೆಲಸಗಳು. ಅವನ್ನು ಒಂದೇ ದಿನ ಮಾಡಬಾರದು. ವರ್ಚುವಲ್ ಮೆಷಿನ್‌ಗೆ ತನ್ನದೇ ಕರ್ನಲ್ (ವ್ಯವಸ್ಥೆಯ ತಿರುಳು) ಇರುತ್ತದೆ. ಕಂಟೈನರ್‌ಗೆ ಇರುವುದಿಲ್ಲ, ಅದು ಹೋಸ್ಟ್‌ನ ಕರ್ನಲ್‌ನಲ್ಲೇ ಓಡುತ್ತದೆ. ಆದ್ದರಿಂದ ಹೋಸ್ಟ್ ರೀಬೂಟ್ ಆದ ಕೂಡಲೇ ಎಲ್ಲ ಕಂಟೈನರ್‌ಗಳ ಕರ್ನಲ್ ಬದಲಾಗುತ್ತದೆ, ಆದರೆ ಅವುಗಳ ಒಳಗಿನ ಲೈಬ್ರರಿಗಳು ಹಳೆಯವೇ ಆಗಿರುತ್ತವೆ. 9ನೇ ಆವೃತ್ತಿಯಲ್ಲಿ ಪ್ರತಿ ಕಂಟೈನರ್‌ಗೆ ಸಿಗುವ ಮೆಮೊರಿ, ಪ್ರೊಸೆಸರ್ ಪಾಲನ್ನು ನಿಯಂತ್ರಿಸುವ ಸಿಗ್ರೂಪ್‌ನ ಮೊದಲ ಪೀಳಿಗೆಯನ್ನು ಪೂರ್ತಿ ಕೈಬಿಡಲಾಗಿದೆ. ಎರಡನೆಯ ಪೀಳಿಗೆಯನ್ನು ಅರಿಯದ, ಅಂದರೆ ಸೇವೆಗಳನ್ನು ಚಾಲೂ ಮಾಡುವ ಸಿಸ್ಟಮ್‌ಡಿ 230 ಅಥವಾ ಅದಕ್ಕಿಂತ ಹಳೆಯದು ಇರುವ ಕಂಟೈನರ್‌ಗಳು ಅಲ್ಲಿ ನಡೆಯುವುದಿಲ್ಲ. ಸೆಂಟ್‌ಓಎಸ್ 7ರಲ್ಲಿರುವುದು 219, ಉಬುಂಟು 16.04ರಲ್ಲಿರುವುದು 229, ಎರಡೂ ಈ ಸಾಲಿಗೆ ಸೇರುತ್ತವೆ. ಪ್ರತಿಯೊಂದು ಕಂಟೈನರ್‌ನ ಒಳಹೊಕ್ಕು ಸಿಸ್ಟಮ್‌ಡಿಯ ಆವೃತ್ತಿಯನ್ನು ಬರೆದಿಟ್ಟುಕೊಳ್ಳಿ. ಹಳೆಯದು ಕಂಡರೆ ಆ ಸೇವೆಯನ್ನು ಮೊದಲೇ ಹೊಸ ಕಂಟೈನರ್‌ಗೆ ಸಾಗಿಸಬೇಕು. ಹಳೆಯ ತಂತ್ರಾಂಶವನ್ನು ಬಿಡಲಾಗದಿದ್ದರೆ ವರ್ಚುವಲ್ ಮೆಷಿನ್‌ಗೆ ಸಾಗಿಸಬಹುದು.

ಬ್ಯಾಕಪ್ ಇದೆಯೆಂದು ನಂಬಿ ಕುಳಿತವರು ಒಮ್ಮೆ ‘ಮೌಂಟ್ ಪಾಯಿಂಟ್’ಗಳನ್ನು ನೋಡಬೇಕು. ಪ್ರಾಕ್ಸ್‌ಮಾಕ್ಸ್‌ನ ಬ್ಯಾಕಪ್ ಸಾಧನವಾದ ವಿಜೆಡ್‌ಡಂಪ್ ಕಂಟೈನರ್‌ನ ಮೂಲ ಡಿಸ್ಕನ್ನು ತಾನಾಗಿ ಸೇರಿಸಿಕೊಳ್ಳುತ್ತದೆ, ಆದರೆ ನೀವು ಹೆಚ್ಚುವರಿಯಾಗಿ ಜೋಡಿಸಿದ ಡಿಸ್ಕಿಗೆ ಬ್ಯಾಕಪ್ ಆಯ್ಕೆಯನ್ನು ಗುರುತಿಸದಿದ್ದರೆ ಅದನ್ನು ಬಿಟ್ಟುಬಿಡುತ್ತದೆ. ಹೋಸ್ಟ್‌ನ ಫೋಲ್ಡರನ್ನೇ ನೇರವಾಗಿ ಒಳಗೆ ತೋರಿಸುವ ಬೈಂಡ್ ಮೌಂಟನ್ನಂತೂ ಅದು ಎಂದೂ ಬ್ಯಾಕಪ್ ಮಾಡುವುದಿಲ್ಲ. ಅದರೊಳಗಿನ ಕಡತಗಳನ್ನು ಬೇರೆಯಾಗಿಯೇ ನಕಲು ಮಾಡಬೇಕು. ಡೇಟಾಬೇಸ್ ಇರುವ ಕಂಟೈನರ್‌ಗೆ ‘ಸ್ಟಾಪ್’ ವಿಧಾನದ ಬ್ಯಾಕಪ್ಪೇ ನನಗೆ ಸಮಾಧಾನ ಕೊಡುತ್ತದೆ, ಕೆಲವು ನಿಮಿಷ ಸೇವೆ ನಿಂತರೂ ಚಿಂತೆಯಿಲ್ಲ. ಇದರ ಜೊತೆಗೆ ಹೋಸ್ಟ್‌ನ ‘ಇಟಿಸಿ’ ಫೋಲ್ಡರನ್ನು, ಅದರೊಳಗಿನ ‘ಪಿವಿಇ’ ಭಾಗವನ್ನೂ ಬಿಡದೆ, ಹೊರಗಿನ ಡಿಸ್ಕಿಗೆ ಹಾಕಿಡಿ. ಆಮೇಲೆ ಒಂದಾದರೂ ಬ್ಯಾಕಪ್ಪನ್ನು ಬೇರೆ ಸಂಖ್ಯೆಯ ಕಂಟೈನರ್ ಆಗಿ ಮರಳಿ ಸ್ಥಾಪಿಸಿ, ತೆರೆದು ನೋಡಿ. ಅದಕ್ಕೂ ಮೂಲದ ಐಪಿ ವಿಳಾಸವೇ ಇರುವುದರಿಂದ, ಚಾಲೂ ಮಾಡುವ ಮುನ್ನ ಅದರ ನೆಟ್‌ವರ್ಕನ್ನು ಕಡಿದಿರಬೇಕು.

ದಿನದ ಆಯ್ಕೆಯೂ ತಾಂತ್ರಿಕ ವಿಷಯವೇ. ಏಪ್ರಿಲ್, ಮೇ ತಿಂಗಳ ಬೇಸಿಗೆ ಮಳೆಯಲ್ಲಿಯೂ ಅಕ್ಟೋಬರ್, ನವೆಂಬರ್‌ನ ತುಲಾವರ್ಷದಲ್ಲಿಯೂ ಗುಡುಗು, ಸಿಡಿಲು ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆಯೇ ಬರುವುದರಿಂದ, ಆ ತಿಂಗಳುಗಳಲ್ಲಿ ಈ ಕೆಲಸಕ್ಕೆ ಬೆಳಗ್ಗೆಯೇ ಕೂರಬೇಕು. ಒಂದು ತುಲಾವರ್ಷದ ಸಂಜೆ ನಾನು ಮನೆಯಿಂದಲೇ ಎಸ್‌ಎಸ್‌ಎಚ್ (ದೂರದಿಂದ ಸರ್ವರ್‌ಗೆ ಆಜ್ಞೆ ನೀಡುವ ಸಂಪರ್ಕ) ಮೂಲಕ ಅಪ್‌ಗ್ರೇಡ್ ಆರಂಭಿಸಿದ್ದೆ. ಪ್ಯಾಕೇಜುಗಳು ಅರ್ಧ ಸ್ಥಾಪನೆಯಾಗಿದ್ದಾಗ ಮನೆಯ ಇಂಟರ್‌ನೆಟ್ ಹೋಯಿತು, ಜೊತೆಗೆ ಎಸ್‌ಎಸ್‌ಎಚ್ ಸಂಪರ್ಕವೂ ಅದರೊಳಗೆ ನಡೆಯುತ್ತಿದ್ದ ಕೆಲಸವೂ ನಿಂತವು. ಮರುದಿನ ಸರ್ವರ್ ಎದುರು ಕುಳಿತು ಪ್ಯಾಕೇಜುಗಳನ್ನು ಸ್ಥಾಪಿಸುವ ಡಿಪಿಕೆಜಿಯ ಅರೆಬರೆ ಕೆಲಸವನ್ನು ಪೂರ್ತಿ ಮಾಡಿಸಲು ಮಧ್ಯಾಹ್ನವಾಯಿತು. ಸರ್ವರ್‌ನಲ್ಲೇ ಓಡುತ್ತ ಆಜ್ಞೆಗಳನ್ನು ಜೀವಂತವಾಗಿಡುವ ಟಿಮಕ್ಸ್‌ನೊಳಗೆ ಆಜ್ಞೆ ನೀಡಿದ್ದರೆ ನನ್ನ ಸಂಪರ್ಕ ಕಡಿದರೂ ಅಲ್ಲಿನ ಕೆಲಸ ಮುಂದುವರಿಯುತ್ತಿತ್ತು. ಸರ್ವರ್‌ನ ಯುಪಿಎಸ್ ಎಷ್ಟು ಹೊತ್ತು ನಿಲ್ಲುತ್ತದೆಂಬುದನ್ನು ಮುಂಚಿತವಾಗಿ ಅಳೆದಿಡುವುದೂ ಒಳ್ಳೆಯದು.

ಇನ್ನು ಕೆಲಸದ ಕ್ರಮ. ಮೊದಲು 8ರ ಎಲ್ಲ ಅಪ್‌ಡೇಟ್‌ಗಳನ್ನೂ ಹಾಕಿ 8.4ಕ್ಕೆ ತನ್ನಿ, ಮೂಲ ಡಿಸ್ಕಿನಲ್ಲಿ ಕನಿಷ್ಠ 5 ಜಿಬಿ, ಸಾಧ್ಯವಾದರೆ 10 ಜಿಬಿ ಜಾಗ ಖಾಲಿ ಇರಲಿ. ‘ಪಿವಿಇ8ಟು9’ ಎಂಬ ತಪಾಸಣೆಯನ್ನು ‘ಫುಲ್’ ಆಯ್ಕೆಯೊಂದಿಗೆ ನಡೆಸಿ. ಅದು ತಾನಾಗಿ ಏನನ್ನೂ ಸರಿಪಡಿಸುವುದಿಲ್ಲ, ತಪ್ಪುಗಳನ್ನು ತೋರಿಸುತ್ತದೆ ಅಷ್ಟೆ. ‘ಫೇಲ್’ ಎಂದು ಬಂದುದನ್ನು ಸರಿಪಡಿಸದೆ ಮುಂದೆ ಹೋಗಬೇಡಿ. ಅನಂತರ ಪ್ಯಾಕೇಜುಗಳು ಎಲ್ಲಿಂದ ಬರಬೇಕೆಂದು ಹೇಳುವ ರಿಪಾಸಿಟರಿ ಕಡತಗಳಲ್ಲಿ ‘ಬುಕ್‌ವರ್ಮ್’ (ಡೆಬಿಯನ್ 12ರ ಹೆಸರು) ಇರುವಲ್ಲೆಲ್ಲ ‘ಟ್ರಿಕ್ಸಿ’ (13ರ ಹೆಸರು) ಎಂದು ಬದಲಿಸಿ. ಚಂದಾ ಇಲ್ಲದವರು ಎಂಟರ್‌ಪ್ರೈಸ್ ರಿಪಾಸಿಟರಿಯನ್ನು ನಿಷ್ಕ್ರಿಯಗೊಳಿಸಿ ‘ನೋ-ಸಬ್‌ಸ್ಕ್ರಿಪ್ಶನ್’ ರಿಪಾಸಿಟರಿಯನ್ನು ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ 401 ದೋಷ ಬರುತ್ತದೆ. ಕಂಟೈನರ್‌ಗಳನ್ನು ನಿಲ್ಲಿಸಿ, ‘ಆಪ್ಟ್ ಅಪ್‌ಡೇಟ್’ ಆದ ಮೇಲೆ ‘ಆಪ್ಟ್ ಡಿಸ್ಟ್-ಅಪ್‌ಗ್ರೇಡ್’ ನೀಡಿ. ಬರಿಯ ‘ಆಪ್ಟ್ ಅಪ್‌ಗ್ರೇಡ್’ ಇಲ್ಲಿ ಸಲ್ಲದು. ಅದು ಕೆಲವು ಪ್ಯಾಕೇಜುಗಳನ್ನು ಹಿಂದೆ ಉಳಿಸಿ ವ್ಯವಸ್ಥೆಯನ್ನು ಅರ್ಧಂಬರ್ಧ ಮಾಡಿಬಿಡುತ್ತದೆ. ನಡುವೆ ಸಂರಚನಾ ಕಡತಗಳ ಬಗ್ಗೆ ಪ್ರಶ್ನೆ ಬಂದಾಗ, ನೀವೇ ತಿದ್ದಿದ ಕಡತವಾದರೆ ವ್ಯತ್ಯಾಸವನ್ನು ಓದಿ ಉತ್ತರಿಸಿ. ಎಲ್ಲ ಮುಗಿದ ಮೇಲೆ ಅದೇ ತಪಾಸಣೆಯನ್ನು ಇನ್ನೊಮ್ಮೆ ನಡೆಸಿ, ರೀಬೂಟ್ ಮಾಡಿ.

ರೀಬೂಟಿನ ಹೊತ್ತಿಗೆ ಸರ್ವರ್‌ಗೆ ಮಾನಿಟರ್, ಕೀಬೋರ್ಡ್ ಜೋಡಿಸಿರಬೇಕು. ಹೊಸ ಕರ್ನಲ್ ನೆಟ್‌ವರ್ಕ್ ಕಾರ್ಡಿಗೆ ಬೇರೆ ಹೆಸರು ಕೊಟ್ಟರೆ ಕಂಟೈನರ್‌ಗಳನ್ನು ನೆಟ್‌ವರ್ಕಿಗೆ ಸೇರಿಸುವ ಬ್ರಿಡ್ಜ್ ಮೇಲೇಳುವುದಿಲ್ಲ, 8006ನೇ ಪೋರ್ಟಿನಲ್ಲಿರುವ ಪ್ರಾಕ್ಸ್‌ಮಾಕ್ಸ್‌ನ ನಿರ್ವಹಣಾ ಪುಟವೂ ತೆರೆಯುವುದಿಲ್ಲ; ಆಗ ಹೊಸ ಹೆಸರನ್ನು ‘ಇಂಟರ್‌ಫೇಸಸ್’ ಕಡತದಲ್ಲಿ ಬರೆದರೆ ಸರಿಹೋಗುತ್ತದೆ.

ಕಂಟೈನರ್‌ಗಳ ಒಳಗಿನ ಅಪ್‌ಗ್ರೇಡ್ ಒಂದೆರಡು ವಾರ ಕಳೆದ ಮೇಲೆ ಆಗಲಿ. ಸದಸ್ಯರ ಹೆಸರನ್ನು ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಇಟ್ಟುಕೊಳ್ಳುವ ನಮ್ಮಂತಹವರು ಇಲ್ಲಿ ವಿಶೇಷವಾಗಿ ಎಚ್ಚರದಿಂದಿರಬೇಕು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಅಕ್ಷರಗಳ ಅನುಕ್ರಮವನ್ನು ಸಾಮಾನ್ಯವಾಗಿ ಲಿನಕ್ಸ್‌ನ ಮೂಲ ಲೈಬ್ರರಿಯಾದ ಜಿಲಿಬ್‌ಸಿಯಿಂದ ಪಡೆಯುತ್ತದೆ, ಮತ್ತು ಡೆಬಿಯನ್ 12ರಿಂದ 13ಕ್ಕೆ ಹೋದಾಗ ಜಿಲಿಬ್‌ಸಿ 2.36ರಿಂದ 2.41ಕ್ಕೆ ಏರುತ್ತದೆ. ಅನುಕ್ರಮ ಬದಲಾಗಿದ್ದರೆ ಹಳೆಯ ಇಂಡೆಕ್ಸ್ (ಹುಡುಕಾಟಕ್ಕೆ ಬಳಸುವ ಸೂಚಿ) ತಪ್ಪಾಗುತ್ತದೆ: ಪಟ್ಟಿಯಲ್ಲಿರುವ ಹೆಸರೇ ಹುಡುಕಿದಾಗ ಸಿಗದೆ ಹೋಗಬಹುದು, ಒಂದೇ ಹೆಸರು ಎರಡು ಬಾರಿ ಸೇರಿಬಿಡಬಹುದು. ಹಳೆಯ ಕಂಟೈನರನ್ನೇ ಏರಿಸಿದವರು ಇಡೀ ಡೇಟಾಬೇಸನ್ನು ರೀಇಂಡೆಕ್ಸ್ ಮಾಡಬೇಕು, ಅಂದರೆ ಸೂಚಿಗಳನ್ನು ಮತ್ತೆ ಕಟ್ಟಿಸಬೇಕು. ನಾನು ಡೆಬಿಯನ್ 13ರ ಹೊಸ ಕಂಟೈನರ್ ಮಾಡಿ, ಪೋಸ್ಟ್‌ಗ್ರೆಸ್ 15ರಿಂದ ಡಂಪ್ ತೆಗೆದು 17ಕ್ಕೆ ತುಂಬುತ್ತೇನೆ. ಆಗ ಇಂಡೆಕ್ಸ್‌ಗಳು ಹೊಸದಾಗಿಯೇ ಕಟ್ಟಲ್ಪಡುತ್ತವೆ. ಹಳೆಯ ಕಂಟೈನರನ್ನು ನಿಲ್ಲಿಸಿ, ತಾನಾಗಿ ಚಾಲೂ ಆಗುವ ಆಯ್ಕೆಯನ್ನು ತೆಗೆದು, ವರ್ಷದ ಆಡಿಟ್ ಮುಗಿಯುವವರೆಗೆ ಹಾಗೆಯೇ ಇಟ್ಟಿರುತ್ತೇನೆ.