ಎರಡನೇ ಸಲ ಅನ್ನುವುದು ಇರುವುದಿಲ್ಲ: ಇಬ್ಬರು ಮಕ್ಕಳನ್ನು ಸಂಗೀತ ಸ್ಪರ್ಧೆಗೆ ತಯಾರು ಮಾಡಿದ ನನ್ನ ಅನುಭವ

ಮೊದಲ ಮೂರು ತಿಂಗಳು ನಾವು ಬೇರೆ ಯಾವುದಕ್ಕೋ ತಯಾರಾಗುತ್ತಿದ್ದೆವು. ಅದು ಗೊತ್ತಾಗಿದ್ದು ನಾಲ್ಕನೇ ತಿಂಗಳಲ್ಲಿ, ಹನ್ನೆರಡು ವರ್ಷದ ಒಬ್ಬ ಹುಡುಗನ ವಯೊಲಿನ್ ಕಮಾನು ನಡುಗಿದಾಗ.

ನಾನು ಪಿಯಾನೊ ಹೇಳಿಕೊಡುತ್ತೇನೆ. ವಯೊಲಿನ್ ಕಲಿಯುವ ಮಕ್ಕಳ ಜೊತೆ ಪಿಯಾನೊ ನುಡಿಸುವ ಕೆಲಸವನ್ನೂ ಬಹಳ ವರ್ಷದಿಂದ ಮಾಡುತ್ತಿದ್ದೇನೆ. ಒಂದು ವರ್ಷ ಎರಡೂ ಒಟ್ಟಿಗೆ ಬಂತು. ಎಳೆಯರಿಗಾಗಿಯೇ ನಡೆಯುವ ಒಂದು ಅಂತಾರಾಷ್ಟ್ರೀಯ ಸ್ಪರ್ಧೆಗೆ ನನ್ನ ಹದಿನಾಲ್ಕು ವರ್ಷದ ಶಿಷ್ಯೆ ಪಿಯಾನೊ ವಿಭಾಗದಲ್ಲಿ ಅರ್ಜಿ ಹಾಕಿದಳು, ನನ್ನ ಗೆಳತಿಯ ಹತ್ತಿರ ಕಲಿಯುವ ಈ ಹುಡುಗ ವಯೊಲಿನ್ ವಿಭಾಗದಲ್ಲಿ ಹಾಕಿದ. ಅವನಿಗೆ ಪಿಯಾನೊ ನುಡಿಸಬೇಕಾದವಳು ನಾನೇ. ಒಟ್ಟು ಹತ್ತು ತಿಂಗಳ ಕೆಲಸ.

ಆ ದಿನ ಪರಿಚಯದವರ ಮುಂದೆ ಒಂದು ಸಣ್ಣ ಕಛೇರಿ ಇಟ್ಟುಕೊಂಡಿದ್ದೆವು, ಹದಿನೈದು ಜನ ಇದ್ದರೇನೋ. ಅವನ ಕೃತಿ ಮೊತ್ಸಾರ್ಟ್‌ನ ಎ ಮೇಜರ್ ಕಂಚೇರ್ಟೊ, ಅಂದರೆ ಆರ್ಕೆಸ್ಟ್ರಾ ಎಂಬ ವಾದ್ಯವೃಂದದ ಜೊತೆ ಒಬ್ಬರು ಮುಖ್ಯವಾಗಿ ನುಡಿಸುವ ಕೃತಿ, 1775ರದ್ದು, ಮೊತ್ಸಾರ್ಟ್ ಕೃತಿಗಳ ಪಟ್ಟಿಯಲ್ಲಿ ಕೆ. 219. ಅದರಲ್ಲಿ ಒಂದು ವಿಚಿತ್ರ ಇದೆ. ಆರ್ಕೆಸ್ಟ್ರಾ ಚುರುಕಾಗಿ ಶುರುವಾಗಿ ಒಂದು ಘಟ್ಟ ಮುಗಿಸಿ ನಿಲ್ಲುತ್ತದೆ. ಈಗ ವಯೊಲಿನ್ ಅದೇ ಚುರುಕಿನಲ್ಲಿ ಬರುತ್ತದೆ ಅಂತ ಎಲ್ಲರೂ ಕಾಯುವಾಗ ಅದು ಬರುವುದು ಅಡಾಜಿಯೊದಲ್ಲಿ, ತೀರಾ ನಿಧಾನ, ಆರೇ ಬಾರ್ (ತಾಳದ ಆರು ಸುತ್ತು), ಕೆಳಗೆ ಆರ್ಕೆಸ್ಟ್ರಾ ನೀರು ಹರಿದ ಹಾಗೆ ಮೆಲ್ಲಗೆ ಗುನುಗುತ್ತಿರುತ್ತದೆ. ನಾನು ಆರ್ಕೆಸ್ಟ್ರಾದ ಭಾಗವನ್ನು ಪಿಯಾನೊದಲ್ಲಿ ನುಡಿಸಿದೆ. ಅವನು ಕಮಾನು ಇಟ್ಟ. ಮೊದಲ ಉದ್ದದ ಸ್ವರವೇ ನಡುಗಿತು. ಕಮಾನಿನ ಕಡ್ಡಿ ತಂತಿಯ ಮೇಲೆ ಸಣ್ಣಗೆ ಕುಣಿಯುತ್ತಿದ್ದದ್ದು ನನ್ನ ಜಾಗದಿಂದಲೇ ಕಾಣುತ್ತಿತ್ತು. ಮುಗಿದ ಮೇಲೆ ನನ್ನ ಹತ್ತಿರ ಬಂದು, "ಮಿಸ್, ಇನ್ನೊಂದ್ಸಲ ನುಡಿಸ್ಲಾ? ಎರಡನೇ ಸಲ ಸರಿಯಾಗಿ ಬರುತ್ತೆ" ಅಂದ. ನುಡಿಸಿದ. ನಿಜವಾಗಿಯೂ ತುಂಬಾ ಚೆನ್ನಾಗಿ ಬಂತು.

ಆದರೆ ಸ್ಪರ್ಧೆಯಲ್ಲಿ ಎರಡನೇ ಸಲ ಇರುವುದಿಲ್ಲ ಅಲ್ವಾ. ನಾವು ದಿನಾ ಎರಡು ಗಂಟೆ ಪ್ರಾಕ್ಟೀಸ್ ಮಾಡುತ್ತಿದ್ದದ್ದು, ಸ್ಕೇಲ್ ನುಡಿಸಿ ಬೆರಳು ಬಿಸಿ ಮಾಡಿಕೊಂಡು, ಒಂದೊಂದು ಸಾಲನ್ನೂ ಹತ್ತು ಸಲ ತಿರುಗಿಸಿ ಹನ್ನೊಂದನೇ ಸಲಕ್ಕೆ ಚೆನ್ನಾಗಿ ಬಂದಾಗ ಖುಷಿಪಡುತ್ತಿದ್ದದ್ದು, ಎಲ್ಲವೂ ಎರಡನೇ ಸಲಕ್ಕೇ ತಯಾರಿ. ಮೊದಲನೇ ಸಲಕ್ಕೆ ಒಂದು ದಿನವೂ ತಯಾರಾಗಿರಲಿಲ್ಲ.

ಅವತ್ತಿನಿಂದ ಇಬ್ಬರಿಗೂ ಒಂದು ನಿಯಮ ಮಾಡಿದೆ. ದಿನಕ್ಕೊಮ್ಮೆ, ಯಾವ ಹೊತ್ತು ಅಂತ ಮೊದಲೇ ಹೇಳದೆ, ಮನೆಯವರು ಯಾರಾದರೂ "ಈಗ" ಅನ್ನಬೇಕು. ಓದುತ್ತಿರಲಿ, ಸುಮ್ನೆ ಕೂತಿರಲಿ, ಎದ್ದು ಬರಬೇಕು. ಹುಡುಗ ಪೆಟ್ಟಿಗೆಯಿಂದ ವಯೊಲಿನ್ ತೆಗೆದು, ಶ್ರುತಿ ಮಾಡಿಕೊಂಡು, ಆ ಅಡಾಜಿಯೊ ಆರು ಬಾರ್ ಒಂದೇ ಸಲ ನುಡಿಸಿ ವಾಪಸ್ ಪೆಟ್ಟಿಗೆಯಲ್ಲಿ ಇಡಬೇಕು. ತಪ್ಪಾದರೂ ತಿದ್ದುವ ಹಾಗಿಲ್ಲ, ಅದು ನಾಳೆಗೆ. ಒಂದು ನೋಟ್‌ಬುಕ್‌ನಲ್ಲಿ ತಾರೀಖು, ಹೊತ್ತು, ಕಮಾನು ನಡುಗಿತೋ ಇಲ್ಲವೋ, ಇಷ್ಟು ಮಾತ್ರ ಬರೆಯಬೇಕು. ಮೊದಲ ವಾರ ಏಳಕ್ಕೆ ಏಳೂ ದಿನ ನಡುಗಿತ್ತು. ಐದನೇ ವಾರ ಎರಡು ದಿನ. ಪೂರ್ತಿ ನಿಂತಿತು ಅಂತ ಹೇಳಲಾರೆ. ಆದರೆ ನಡುಗಿದರೆ ಏನು ಮಾಡಬೇಕು ಅನ್ನುವುದನ್ನು ಅವನೇ ಕಂಡುಕೊಂಡ. ಕಮಾನನ್ನು ತಂತಿಯ ಮೇಲೆ ಇಟ್ಟ ಮೇಲೆ ಉಸಿರು ಹಿಡಿಯದೆ ಹೊರಗೆ ಬಿಡುತ್ತಾ ಎಳೆಯುವುದು, ಬಲಗೈ ಹೆಬ್ಬೆರಳನ್ನು ಸ್ವಲ್ಪ ಬಗ್ಗಿಸಿ ಸಡಿಲ ಇಡುವುದು. ಹೆದರಿದಾಗ ಆ ಹೆಬ್ಬೆರಳು ನೆಟ್ಟಗೆ ಗಟ್ಟಿಯಾಗುತ್ತದೆ, ಕಮಾನು ಕುಣಿಯುವುದು ಅಲ್ಲಿಂದ. ಓಟದ ಜಾಗಗಳಲ್ಲಿ ಹೆದರಿಕೆ ಅಷ್ಟಾಗಿ ಕೇಳಿಸುವುದಿಲ್ಲ, ಉದ್ದದ ನಿಧಾನ ಸ್ವರದಲ್ಲಿ ಎಲ್ಲವೂ ಹೊರಗೆ ಬರುತ್ತದೆ.

ನನ್ನ ಪಿಯಾನೊ ಶಿಷ್ಯೆಗೆ ಕಷ್ಟ ಬೇರೆಯದು. ಶೋಪಾನ್‌ನ ಓಪಸ್ 10ರ ನಾಲ್ಕನೇ ಎಟ್ಯೂಡ್ (ಕೈಚಳಕ ಬೆಳೆಸಲು ಬರೆದ ಅಭ್ಯಾಸದ ಕೃತಿ), ಸಿ ಶಾರ್ಪ್ ಮೈನರ್. ಶುರುವಿನಲ್ಲಿ ಬಲಗೈ ಓಡುತ್ತದೆ, ನಾಲ್ಕು ಬಾರ್ ಆದಮೇಲೆ ಅದೇ ಓಟ ಎಡಗೈಗೆ ಹೋಗುತ್ತದೆ. ಬೆರಳು ತಣ್ಣಗಿರುವಾಗ ಬಲಗೈ ಹೇಗೋ ಓಡಿಬಿಡುತ್ತದೆ, ಎಡಗೈ ಬಂದಾಗ ಸಿಕ್ಕಿಕೊಳ್ಳುತ್ತದೆ. ಅವಳು ವೇಗ ಹಿಡಿಯುತ್ತಿದ್ದದ್ದೇ ಬಲಗೈಗೆ. ಶುರು ಮಾಡುವ ಮುಂಚೆ ಎಡಗೈಯ ಸಾಲನ್ನು ಮನಸ್ಸಿನಲ್ಲಿ ಕೇಳಿಸಿಕೋ, ಅದು ಹೋಗಬಲ್ಲ ವೇಗದಲ್ಲೇ ಹೊರಡು ಅಂತ ಹೇಳಿದೆ. ಮಾತು ಚಿಕ್ಕದು, ಆದರೆ ನನ್ನ ಪ್ರಕಾರ ಆ ಹತ್ತು ತಿಂಗಳಲ್ಲಿ ನಾನು ಅವಳಿಗೆ ಹೇಳಿದ್ದರಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಇದೇ.

ಕೃತಿಗಳ ಆಯ್ಕೆ ಬಗ್ಗೆ ಮನೆಯವರ ಜೊತೆ ಒಂದಷ್ಟು ಚರ್ಚೆ ಆಯಿತು. ತುಂಬಾ ಕಷ್ಟದ್ದು ನುಡಿಸಿದರೆ ಜಾಸ್ತಿ ಅಂಕ ಅನ್ನುವ ನಂಬಿಕೆ ಎಲ್ಲರಿಗೂ ಇರುತ್ತದೆ. ನಾನು ಒಪ್ಪಲಿಲ್ಲ. ಸ್ಪರ್ಧೆಗೆ ಆರು ತಿಂಗಳು ಮುಂಚೆಯೇ ಮೊದಲಿಂದ ಕೊನೆವರೆಗೂ ನುಡಿಸಲು ಬರುವ ಕೃತಿ ಮಾತ್ರ ಇರಲಿ ಅಂದೆ. ಹುಡುಗನಿಗೆ ಒಂಟಿ ವಯೊಲಿನ್‌ಗೆ ಬಾಖ್ ಬರೆದದ್ದರಲ್ಲಿ ಡಿ ಮೈನರ್ ಪಾರ್ಟಿಟಾದಿಂದ ಎರಡು ಭಾಗ, ಪಗನೀನಿಯ 24 ಕಪ್ರೀಸ್‌ಗಳಲ್ಲಿ ಒಂದು, ಎರಡನೇ ಸುತ್ತಿಗೆ ಮೊತ್ಸಾರ್ಟ್. ಅವಳಿಗೆ ಬಾಖ್‌ನ ಒಂದು ಪ್ರಿಲ್ಯೂಡ್ ಮತ್ತು ಫ್ಯೂಗ್, ಹೈಡನ್‌ನ ಒಂದು ಸೊನಾಟ, ಆ ಎಟ್ಯೂಡ್. ಹೈಡನ್ ಸುಲಭ ಅಂತ ಕೆಲವರು ಅಂದರು. ಹೈಡನ್‌ನಲ್ಲಿ ಬಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲ, ಒಂದು ಸ್ವರ ಹೆಚ್ಚು ಒತ್ತಿದರೂ ಕೇಳಿಸುತ್ತದೆ.

ಅರ್ಜಿ ತುಂಬುವಾಗ ಎರಡು ವಿಷಯ ನೋಡಿಕೊಳ್ಳಿ. ಒಂದು ವಯಸ್ಸು. ವಯೊಲಿನ್ ವಾದಕ ಯೆಹೂದಿ ಮೆನುಹಿನ್ 1983ರಲ್ಲಿ ಇಂಗ್ಲೆಂಡಿನ ಫೋಕ್‌ಸ್ಟನ್‌ನಲ್ಲಿ ಶುರು ಮಾಡಿದ ಎಳೆಯ ವಯೊಲಿನ್ ವಾದಕರ ಸ್ಪರ್ಧೆಗೆ 22 ತುಂಬದವರು ಮಾತ್ರ ಬರಬಹುದು, ಅದರಲ್ಲೂ ಚಿಕ್ಕವರು ದೊಡ್ಡವರು ಅಂತ ಎರಡು ವಿಭಾಗ. ಬೇರೆ ಕಡೆ ಇನ್ನೂ ಜಾಸ್ತಿ ವಿಭಾಗ ಇರುತ್ತದೆ. ವಯಸ್ಸನ್ನು ಯಾವ ತಾರೀಖಿಗೆ ಲೆಕ್ಕ ಹಾಕುತ್ತಾರೆ ಅನ್ನುವುದು ಮುಖ್ಯ, ಒಂದೇ ವಾರದ ವ್ಯತ್ಯಾಸದಲ್ಲಿ ಮಗು ಮೇಲಿನ ವಿಭಾಗಕ್ಕೆ ಹೋಗಿಬಿಡಬಹುದು. ಇನ್ನೊಂದು, ಸಮಯದ ಮಿತಿ. ಗಡಿಯಾರ ಇಟ್ಟುಕೊಂಡು, ಒಳಗೆ ನಡೆದು ಬಂದು ಕೂತು ನುಡಿಸಿ ಏಳುವವರೆಗೂ ಅಳೆಯಿರಿ. ಮಿತಿ ದಾಟಿದರೆ ಮಧ್ಯದಲ್ಲೇ ನಿಲ್ಲಿಸುತ್ತಾರೆ.

ನಮ್ಮ ಸ್ಪರ್ಧೆಯ ಆಯ್ಕೆಯ ಸುತ್ತು ವಿಡಿಯೊದಲ್ಲಿ. ಕತ್ತರಿಸುವ ಹಾಗಿಲ್ಲ, ಎರಡು ಕೈಯೂ ಮುಖವೂ ಕಾಣಬೇಕು, ಕ್ಯಾಮೆರಾ ಅಲ್ಲಾಡಬಾರದು. ನಮ್ಮ ಮೊದಲ ವಿಡಿಯೊದಲ್ಲಿ ಹುಡುಗ ಕಮಾನನ್ನು ತುದಿಯವರೆಗೆ ಎಳೆದಾಗಲೆಲ್ಲ ಬಲಗೈ ಚೌಕಟ್ಟಿನಿಂದ ಆಚೆ ಹೋಗುತ್ತಿತ್ತು, ಇಡೀ ಮಧ್ಯಾಹ್ನದ ಕೆಲಸ ವ್ಯರ್ಥವಾಯಿತು. ಅದಕ್ಕಿಂತ ದೊಡ್ಡ ತೊಂದರೆ ಅವಳ ವಿಡಿಯೊದಲ್ಲಿ. ಮೊಬೈಲ್ ತಾನಾಗಿಯೇ ಮೆಲ್ಲಗಿನ ಶಬ್ದವನ್ನು ಏರಿಸಿ ಜೋರಿನದ್ದನ್ನು ಇಳಿಸಿಬಿಡುತ್ತದೆ. ಅಷ್ಟು ಕಷ್ಟಪಟ್ಟು ಕಲಿತ ಪಿಯಾನಿಸ್ಸಿಮೊವೂ (ಅತಿ ಮೆಲ್ಲಗೆ) ಫೋರ್ಟೆಯೂ (ಜೋರಾಗಿ) ಒಂದೇ ಥರ ಕೇಳಿಸಿತು. ಆಮೇಲೆ ರೆಕಾರ್ಡಿಂಗ್ ಮಟ್ಟವನ್ನು ಕೈಯಲ್ಲೇ ಹೊಂದಿಸಬಹುದಾದ ಒಂದು ಮೈಕ್ ಸಿಕ್ಕಿಸಿ, ಅತಿ ಜೋರಿನ ಜಾಗಕ್ಕೆ ಮಟ್ಟ ಹೊಂದಿಸಿಟ್ಟು, ಮತ್ತೆ ಮುಟ್ಟಲಿಲ್ಲ. ಸುಮಾರು ಮೂರು ಮೀಟರ್ ದೂರ. ದಿನಕ್ಕೆ ಮೂರೇ ಟೇಕ್ ಅಂತ ನಿಯಮ ಮಾಡಿದೆ. ನಾಲ್ಕನೇ ಟೇಕ್‌ನಲ್ಲಿ ಮಕ್ಕಳು ಸಂಗೀತ ನುಡಿಸುವುದಿಲ್ಲ, ತಪ್ಪು ತಪ್ಪಿಸುತ್ತಾರೆ.

ಇಬ್ಬರೂ ಆಯ್ಕೆಯಾದರು. ಖುಷಿಯ ಜೊತೆಗೇ ಇನ್ನೊಂದು ಕೆಲಸ ಶುರುವಾಯಿತು.

ವಯೊಲಿನ್ ನುಡಿಸುವವರು ತಮ್ಮ ವಾದ್ಯವನ್ನು ಜೊತೆಗೇ ಒಯ್ಯುತ್ತಾರೆ, ಪಿಯಾನೊದವರು ಅಲ್ಲಿದ್ದದ್ದನ್ನು ನುಡಿಸಬೇಕು. ಹಾಗಾಗಿ ಹೊರಡುವ ಮುಂಚೆ ಅವಳನ್ನು ಸಾಧ್ಯವಾದಷ್ಟು ಬೇರೆ ಬೇರೆ ಪಿಯಾನೊಗಳ ಮುಂದೆ ಕೂರಿಸಿದೆ. ಗಟ್ಟಿ ಕೀಲಿಯದ್ದು, ಸಡಿಲದ್ದು, ಪೆಡಲ್ ಕಿರುಗುಟ್ಟುವುದು. ಅವಳು ಕೂರುವ ಬೆಂಚಿನ ಎತ್ತರವನ್ನು ಟೇಪ್ ಹಿಡಿದು ಅಳೆದು ಚೀಟಿಯಲ್ಲಿ ಬರೆದುಕೊಟ್ಟೆ. ಹೊಸ ಜಾಗದಲ್ಲಿ ಹೆದರಿದ ಮಗುವಿಗೆ ಬೆಂಚು ಸರಿ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಟೇಪ್‌ಗೆ ಗೊತ್ತಾಗುತ್ತದೆ.

ಹುಡುಗನ ಕಡೆಯದ್ದು ಶ್ರುತಿ. ನನ್ನ ಪಿಯಾನೊದ ಎ ಸ್ವರ 440 ಹರ್ಟ್ಸ್‌ನಲ್ಲಿದೆ, ಎಷ್ಟೋ ಸಭಾಂಗಣಗಳಲ್ಲಿ 442 ಇಡುತ್ತಾರೆ. ಎರಡು ಹರ್ಟ್ಸ್ ಏನು ಮಹಾ ಅನಿಸಬಹುದು. ಆದರೆ ಕಾಯುವ ಕೋಣೆಯಲ್ಲಿ ಮೊಬೈಲ್‌ನ 440ಕ್ಕೆ ಶ್ರುತಿ ಮಾಡಿಕೊಂಡು ಒಳಗೆ ಹೋದರೆ ಮೊದಲ ಸ್ವರದಲ್ಲೇ ಪಿಯಾನೊದ ಕೆಳಗೆ ಕೇಳಿಸುತ್ತದೆ. ಅದಕ್ಕೇ ಕಡೆಯ ಎರಡು ತಿಂಗಳು ಅವನ ಟ್ಯೂನರ್ 442ಕ್ಕೆ ಇಡಿಸಿದೆ, ವೇದಿಕೆಯ ಮೇಲೆ ಪಿಯಾನೊದ ಎ ಕೊಟ್ಟಾಗ ಅವಸರ ಮಾಡದೆ ಮತ್ತೆ ನೋಡಿಕೊಳ್ಳುವುದನ್ನೂ ಅಭ್ಯಾಸ ಮಾಡಿಸಿದೆ. ವಿಮಾನದ ಒಣ ಗಾಳಿಗೆ ಬಿರಡೆಗಳು (ತಂತಿ ಬಿಗಿಯುವ ತಿರುಗಣೆಗಳು) ಸಡಿಲವಾಗಿದ್ದವು. ಒಂದೊಂದಾಗಿ ತಂತಿ ಏರಿಸುವಾಗ ಕುದುರೆ (ತಂತಿಗಳನ್ನು ಹೊತ್ತು ನಿಲ್ಲುವ ಮರದ ಸಣ್ಣ ತುಂಡು) ಮುಂದಕ್ಕೆ ವಾಲುತ್ತದೆ, ಅದನ್ನು ಎರಡೂ ಕೈಯಿಂದ ನೆಟ್ಟಗೆ ಮಾಡಬೇಕು. ಅವನಿಗೆ ಅದು ಬರುತ್ತಿತ್ತು, ಅವನ ಟೀಚರ್ ಮೊದಲೇ ಕಲಿಸಿದ್ದರು. ಒಂದು ಸೆಟ್ ಹೆಚ್ಚುವರಿ ತಂತಿ ಇಟ್ಟಿದ್ದೆವು. ಹೊಚ್ಚಹೊಸದಲ್ಲ, ಎರಡು ವಾರ ನುಡಿಸಿ ಹಿಗ್ಗಿ ಮುಗಿದದ್ದು. ಹೊಸ ತಂತಿ ಹಾಕಿದರೆ ನಿಮಿಷಕ್ಕೊಮ್ಮೆ ಶ್ರುತಿ ಇಳಿಯುತ್ತದೆ.

ಅಲ್ಲಿ ನಮಗೆ ಕೊಟ್ಟ ಇಪ್ಪತ್ತು ನಿಮಿಷದ ಅಭ್ಯಾಸದ ಕೋಣೆ ಸಿಗಲಿಲ್ಲ. ಹಿಂದಿನವರದ್ದು ತಡವಾಗಿ ನಮ್ಮ ಹೊತ್ತು ಅವರಿಗೇ ಹೋಯಿತು. ಆಗ ನನಗೆ ಕೋಪ ಬಂತು. ಆದರೆ ಹುಡುಗ ವಯೊಲಿನ್ ಪೆಟ್ಟಿಗೆ ತಬ್ಬಿಕೊಂಡು ಕುರ್ಚಿಯಲ್ಲಿ ಕೂತು, "ಪರವಾಗಿಲ್ಲ ಮಿಸ್, ಮನೇಲೂ ಹೀಗೇ ಅಲ್ವಾ" ಅಂದ. ಬಾಖ್ ಚೆನ್ನಾಗಿ ನುಡಿಸಿದ. ಬಾಖ್ ಮುಗಿದು ಪಗನೀನಿ ಶುರುವಾಗುವ ಮುಂಚೆ ಒಂದು ಬಿರಡೆ ಸ್ವಲ್ಪ ಜಾರಿತು, ನಿಂತು ಸರಿ ಮಾಡಿಕೊಂಡು ಮುಂದುವರಿದ. ಎರಡನೇ ಸುತ್ತಿನಲ್ಲಿ ಮೊತ್ಸಾರ್ಟ್. ಆರ್ಕೆಸ್ಟ್ರಾದ ಉದ್ದದ ಭಾಗವನ್ನು ಅಲ್ಲಿ ಕತ್ತರಿಸಿ ಕೊನೆಯ ಕೆಲವೇ ಬಾರ್ ನುಡಿಸಬೇಕು, ಅಂದರೆ ಅವನಿಗೆ ಉಸಿರು ತೆಗೆದುಕೊಳ್ಳಲು ಸಿಗುವುದು ಕೆಲವು ಸೆಕೆಂಡು. ಅಡಾಜಿಯೊದಲ್ಲಿ ನಾನು ಎಡ ಪೆಡಲ್ ಒತ್ತಿ, ಕೀಲಿಯ ತಳದವರೆಗೂ ಹೋಗದೆ, ಬೆರಳ ತುದಿಯಲ್ಲಷ್ಟೇ ಆ ಗುನುಗನ್ನು ಹಿಡಿದುಕೊಂಡೆ. ಅವನ ಕಮಾನು ನೇರವಾಗಿ ತುದಿಯವರೆಗೆ ಹೋಯಿತು. ಆ ಆರು ಬಾರ್ ನಾನು ಯಾವತ್ತೂ ಮರೆಯುವುದಿಲ್ಲ.

ಅವನು ಫೈನಲ್‌ಗೆ ಹೋಗಲಿಲ್ಲ. ಪಟ್ಟಿ ನೋಡಿ ಅತ್ತ. ಅವತ್ತು ರಾತ್ರಿ ಅವನಿಗೆ 1935ರ ವೀನಿಯಾವ್‌ಸ್ಕಿ ವಯೊಲಿನ್ ಸ್ಪರ್ಧೆಯ ವಿಷಯ ಹೇಳಿದೆ. ವಾರ್ಸಾದಲ್ಲಿ 15 ವರ್ಷದ ಜಿನೆತ್ ನೆವ್ಯೂ ಮೊದಲ ಬಹುಮಾನ ಗೆದ್ದಳು, 26 ವರ್ಷದ ಡೇವಿಡ್ ಒಯ್‌ಸ್ಟ್ರಾಖ್‌ಗೆ ಎರಡನೆಯದು. ಎರಡು ವರ್ಷ ಬಿಟ್ಟು 1937ರಲ್ಲಿ ಬ್ರಸೆಲ್ಸ್‌ನಲ್ಲಿ ನಡೆದ ಸ್ಪರ್ಧೆಯನ್ನು ಒಯ್‌ಸ್ಟ್ರಾಖ್ ಗೆದ್ದ. ಕೇಳಿದ ಹುಡುಗ, "ಎರಡು ವರ್ಷ ಅಂದ್ರೆ ನಂಗೆ ಆಗ ಹದಿನಾಲ್ಕು" ಅಂದ, ಮಲಗಿದ.

ತೀರ್ಪಿನ ಬಗ್ಗೆ ಮನೆಯವರು ಕೇಳಿಯೇ ಕೇಳುತ್ತಾರೆ. ನಾನು ಅವರಿಗೆ 1980ರ ಶೋಪಾನ್ ಪಿಯಾನೊ ಸ್ಪರ್ಧೆಯ ಉದಾಹರಣೆ ಕೊಡುತ್ತೇನೆ. ಇವೊ ಪೊಗೊರೆಲಿಚ್‌ನನ್ನು ಫೈನಲ್‌ಗೆ ಬಿಡಲಿಲ್ಲ ಅಂತ ಹೆಸರಾಂತ ಪಿಯಾನೊ ವಾದಕಿ ಮಾರ್ತಾ ಅರ್ಗೆರಿಚ್ ತೀರ್ಪುಗಾರರ ಸಮಿತಿಯನ್ನೇ ಬಿಟ್ಟು ಹೊರಟರು. ಅಷ್ಟು ದೊಡ್ಡವರ ಮಧ್ಯೆಯೇ ಒಮ್ಮತ ಬರುವುದಿಲ್ಲ. ಆದರೂ ಅವರು ಬರೆದು ಕೊಡುವ ಅಭಿಪ್ರಾಯವನ್ನು ನಾನು ಪೂರ್ತಿ ಓದುತ್ತೇನೆ, ಅಂಕಕ್ಕಿಂತ ಅದು ಮುಖ್ಯ.

ನನ್ನ ಶಿಷ್ಯೆ ಅಲ್ಲಿನ ಮೊದಲ ಸುತ್ತಿನಲ್ಲೇ ಹೊರಬಂದಳು. ಎಟ್ಯೂಡ್ ಸೊಗಸಾಗಿ ಹೋಗಿತ್ತು, ಎಡಗೈಯೂ ಸೇರಿ. ಅಭಿಪ್ರಾಯದ ಹಾಳೆಯಲ್ಲಿ ಅದಕ್ಕೆ ಮೆಚ್ಚುಗೆಯೂ ಇತ್ತು. ಹೈಡನ್ ಬಗ್ಗೆ ಒಂದೇ ಸಾಲು: ವಿರಾಮಗಳನ್ನು (ನುಡಿಸದೆ ಸುಮ್ಮನಿರಬೇಕಾದ ಜಾಗಗಳನ್ನು) ಪೂರ್ತಿ ಎಣಿಸುತ್ತಿಲ್ಲ. ಓದಿದ ಕೂಡಲೇ ನನಗೆ ಹೊಟ್ಟೆಯಲ್ಲಿ ಕಸಿವಿಸಿ ಆಯಿತು. ಐದು ತಿಂಗಳ ಹಿಂದಿನ ವಿಡಿಯೊದಲ್ಲೇ ಅದು ನನ್ನ ಕಿವಿಗೆ ಬಿದ್ದಿತ್ತು. ಎಟ್ಯೂಡ್ ಮುಗಿಯಲಿ, ಆಮೇಲೆ ನೋಡೋಣ ಅಂತ ಬಿಟ್ಟಿದ್ದೆ. ಅವಳಿಗೆ ಅದನ್ನು ಹಾಗೇ ಹೇಳಿದೆ, ಇದು ನಾನು ಬಿಟ್ಟಿದ್ದು, ನಿನ್ನದಲ್ಲ ಅಂತ.

ವಾಪಸ್ ಬಂದ ಮೇಲಿನ ಮೊದಲ ಕ್ಲಾಸಿಗೆ ಅವಳು ಅದೇ ಹೈಡನ್ ತಂದಳು. ಹಾಳೆಯಲ್ಲಿ ವಿರಾಮ ಬಂದ ಕಡೆಯೆಲ್ಲ ಪೆನ್ಸಿಲ್‌ನಲ್ಲಿ ಸಣ್ಣ ಗೋಲ ಹಾಕಿಕೊಂಡು ಬಂದಿದ್ದಳು. ಬೆಂಚಿನ ಎತ್ತರ ಸರಿ ಮಾಡಿಕೊಂಡು ಕೂತಳು. ನಾನು "ಈಗ" ಅಂದೆ.