ಪ್ಲಾಸ್ಟಿಕ್ ನಿಷೇಧ: ಜನಾಭಿಪ್ರಾಯ ಕೇಳುವುದು ಹೇಗೆ?

"ಬಳಸಿ ಎಸೆಯುವ ಪ್ಲಾಸ್ಟಿಕ್ ನಿಷೇಧಿಸಬೇಕೇ?" ಎಂದು ನೇರವಾಗಿ ಕೇಳಿದರೆ ಬಹಳಷ್ಟು ಜನ ಹೌದು ಎಂದುಬಿಡುತ್ತಾರೆ. ಬೇಡ ಎಂದರೆ ಕೇಳಲು ಬಂದವರು ಏನೆಂದುಕೊಂಡಾರೋ ಎಂಬ ಅಳುಕು. ಆ ಹೌದನ್ನು ನೆಚ್ಚಿಕೊಂಡು ನಿಯಮ ಮಾಡಿದರೆ ಜಾರಿಯ ಹೊತ್ತಿಗೆ ತಕರಾರು ಏಳುತ್ತದೆ.

ಆದ್ದರಿಂದ ಒಂದೊಂದು ವಸ್ತುವನ್ನೂ ಬೇರೆಬೇರೆಯಾಗಿ ಕೇಳಿ: ಕೈಚೀಲ, ಲೋಟ, ತಟ್ಟೆ, ಸ್ಟ್ರಾ, ಸ್ಯಾಶೆ, ಪಾರ್ಸಲ್ ಡಬ್ಬಿ. ವಸ್ತುವನ್ನೋ ಅದರ ಚಿತ್ರವನ್ನೋ ತೋರಿಸಿ; ನೀರಿನ ಬಾಟಲಿಯನ್ನು ತೊಳೆದು ತಿಂಗಳುಗಟ್ಟಲೆ ಬಳಸುವವರಿಗೆ ಅದು 'ಎಸೆಯುವ' ವಸ್ತು ಅನ್ನಿಸುವುದೇ ಇಲ್ಲ. ಉತ್ತರಗಳು ನಾಲ್ಕಿರಲಿ: ಪೂರ್ತಿ ನಿಷೇಧ, ಹಣ ಕೊಟ್ಟರೆ ಮಾತ್ರ ಸಿಗಲಿ, ಈಗಿನಂತೆ ಇರಲಿ, ಗೊತ್ತಿಲ್ಲ. 'ಗೊತ್ತಿಲ್ಲ' ಎಂಬ ಉತ್ತರವನ್ನು ಕೊಡದೇ ಹೋದರೆ ಜನ ಬಾಯಿಗೆ ಬಂದದ್ದನ್ನು ಹೇಳುತ್ತಾರೆ. ಸ್ಟ್ರಾ ಇಲ್ಲದೆ ಕುಡಿಯಲಾಗದ ಅಂಗವಿಕಲರಿದ್ದಾರೆ, ಹಾಗಾಗಿ ವಿನಾಯಿತಿಯ ಪ್ರಶ್ನೆಯೂ ಬೇಕು.

ನಿಷೇಧ ಬೇಕೆಂದವರಿಗೆ ಮುಂದಿನ ಪ್ರಶ್ನೆ: "ಬದಲಿ ವಸ್ತುವಿಗೆ ಹೆಚ್ಚು ಹಣ ಕೊಡಬೇಕಾದರೂ ಬೇಕೇ?" ಇಲ್ಲಿ ಬೆಂಬಲ ಎಷ್ಟು ಕುಸಿಯಿತು ಎನ್ನುವುದೇ ಇಡೀ ಸಮೀಕ್ಷೆಯ ತಿರುಳು. ಪ್ಲಾಸ್ಟಿಕ್ ನುಂಗಿ ಸತ್ತ ಆಮೆಯ ಚಿತ್ರ ತೋರಿಸಿ ಪ್ರಶ್ನೆ ಶುರು ಮಾಡಬೇಡಿ, ಅದು ಪ್ರಚಾರವಾಗುತ್ತದೆ. "ಸಾಮಾನ್ಯವಾಗಿ ಚೀಲ ಒಯ್ಯುತ್ತೀರಾ?" ಎನ್ನುವ ಬದಲು "ಕಳೆದ ಸಲ ಅಂಗಡಿಗೆ ಹೋದಾಗ ಒಯ್ದಿದ್ದಿರಾ?" ಎಂದು ಕೇಳಿ. ಪ್ರಶ್ನಾವಳಿ ಅಚ್ಚಿಗೆ ಕೊಡುವ ಮುನ್ನ 15–20 ಜನರ ಮೇಲೆ ಪರೀಕ್ಷಿಸಿ.

ಎಷ್ಟು ಜನರನ್ನು ಕೇಳಬೇಕು? ಸಮೀಕ್ಷೆಯ ಅಂಕಿ ನಿಜವಾದ ಅಂಕಿಗಿಂತ ಎಷ್ಟು ಆಚೀಚೆ ಇರಬಹುದು ಎಂಬುದೇ ದೋಷಮಿತಿ; ಇಂಥ ನೂರು ಸಮೀಕ್ಷೆ ಮಾಡಿದರೆ ಸುಮಾರು 95 ಆ ಮಿತಿಯೊಳಗೇ ಇರುತ್ತವೆ ಎನ್ನುವುದು ಶೇ. 95ರ ವಿಶ್ವಾಸ ಮಟ್ಟ. ಈ ಮಟ್ಟದಲ್ಲಿ ಶೇ. 5ರ ದೋಷಮಿತಿ ಸಾಕೆಂದರೆ 385 ಜನ ಬೇಕು, ಶೇ. 3 ಬೇಕೆಂದರೆ ಸುಮಾರು 1,070. ಇದು ಲಾಟರಿಯಂತೆ ಆರಿಸಿದರೆ ಮಾತ್ರ. ಕೆಲವೇ ಬೀದಿಗಳನ್ನು ಆರಿಸಿ ಅಲ್ಲಿನ ಮನೆಗಳಲ್ಲಷ್ಟೇ ಕೇಳಿದರೆ, ಅಕ್ಕಪಕ್ಕದವರ ಉತ್ತರಗಳು ಒಂದೇ ತೆರನಾಗಿರಬಹುದಾದ್ದರಿಂದ, ಒಂದೂವರೆ ಪಟ್ಟು, ಕೆಲವೊಮ್ಮೆ ಎರಡು ಪಟ್ಟು ಬೇಕಾದೀತು. 385ರಲ್ಲಿ ಯುವಕರು 60 ಮಂದಿಯಷ್ಟೇ ಇದ್ದರೆ ಅವರ ಲೆಕ್ಕದ ದೋಷಮಿತಿ ಶೇ. 13ರ ಹತ್ತಿರ; "ಯುವಜನರ ಒಲವು" ಎಂದು ತಲೆಬರಹ ಹಾಕುವಂತಿಲ್ಲ.

2,000 ಮನೆಗಳಲ್ಲಿ 400 ಬೇಕಿದ್ದರೆ ಪ್ರತಿ ಐದನೆಯ ಮನೆ. ಮೊದಲ ಮನೆಯನ್ನು 1ರಿಂದ 5ರೊಳಗೆ ಚೀಟಿ ಎತ್ತಿ ನಿರ್ಧರಿಸಿ. ಬೀಗ ಹಾಕಿದ್ದರೆ ಪಕ್ಕದ ಮನೆಗೆ ಹೋಗಬೇಡಿ, ಬೇರೆ ಹೊತ್ತಿನಲ್ಲಿ ಮತ್ತೆ ಬನ್ನಿ. ಇಲ್ಲದಿದ್ದರೆ ಹಗಲು ಮನೆಯಲ್ಲಿರುವವರ ಅಭಿಪ್ರಾಯವಷ್ಟೇ ಸಿಗುತ್ತದೆ. ಮನೆಯೊಳಗೆ, ಮುಂದಿನ ಹುಟ್ಟುಹಬ್ಬ ಯಾರದೋ ಆ ವಯಸ್ಕರನ್ನೇ ಕೇಳಿ. ವ್ಯಾಪಾರಿಗಳಿಗೆ ಬೇರೆ ಪ್ರಶ್ನಾವಳಿ ಮಾಡಿ, ಎರಡನ್ನೂ ಬೆರೆಸಬೇಡಿ.

ಫಲಿತಾಂಶದ ಜೊತೆ ಪ್ರಶ್ನೆಯ ಪೂರ್ಣ ಪಾಠವನ್ನೂ ಉತ್ತರಿಸಲು ಒಪ್ಪದವರ ಸಂಖ್ಯೆಯನ್ನೂ ಪ್ರಕಟಿಸಿ.